ಕೆಮ್ಮಿನ ಸಮೇತ

1938ರ ಜನವರಿ 16, ಭಾನುವಾರ, ವಿಯೆನ್ನಾದಲ್ಲಿ ಯಾರೋ ಕೆಮ್ಮಿದರು. ಚಳಿಗಾಲದ ಕೆಮ್ಮು. ತಡೆಯಲು ನೋಡಿ, ಆಗದೆ, ಕೊನೆಗೆ ಬಿಟ್ಟೇಬಿಟ್ಟದ್ದು ಅಂತ ಕೇಳಿದರೇ ತಿಳಿಯುತ್ತದೆ. ಕೆಮ್ಮಿದವರ ಕುಲಗೋತ್ರವನ್ನು ಯಾರೂ ಬರೆದಿಟ್ಟಿಲ್ಲ. ಕೆಮ್ಮು ಮಾತ್ರ ಗ್ರಾಮಫೋನ್ ತಟ್ಟೆ ಹತ್ತಿ, ಎಲ್‌ಪಿಯಾಗಿ, ಸಿಡಿಯಾಗಿ, ಈಗ ನನ್ನ ಮೊಬೈಲಿನೊಳಗೂ ಬಂದು ಕೂತಿದೆ. ಅದೇ ಹಾಲಿನಲ್ಲಿ ಅದೇ ಹೊತ್ತಿಗೆ ಮೈಮರೆತು, ಕೆಮ್ಮದೆ, ಶಿಸ್ತಾಗಿ ಕೇಳಿದ ನೂರಾರು ಜನರ ಗುರುತು ಚೂರೂ ಉಳಿದಿಲ್ಲ. ಅಮರತ್ವ ಸಿಕ್ಕಿದ್ದು ಕೆಮ್ಮಿದವರಿಗೆ.

ಅವತ್ತು ಅಲ್ಲಿ ನುಡಿಸುತ್ತಿದ್ದದ್ದು ಗುಸ್ತಾವ್ ಮಾಹ್ಲರನ ಒಂಬತ್ತನೆಯ ಸಿಂಫನಿ. ನುಡಿಸಿದವರು ವಿಯೆನ್ನಾ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾದವರು, ನಡೆಸಿದವನು ಬ್ರೂನೊ ವಾಲ್ಟರ್. ಜಾಗ, ಮ್ಯೂಸಿಕ್‌ಫೆರೈನ್ ಕಟ್ಟಡದ ಚಿನ್ನದ ಹಾಲ್. ಹೊಸವರ್ಷದ ದಿನ ಟಿವಿಯಲ್ಲಿ ಹೂವಿನ ರಾಶಿಯ ನಡುವೆ ವಾಲ್ಟ್ಸ್‌ಗಳನ್ನು ನುಡಿಸುವುದನ್ನು ನೋಡಿದವರಿಗೆ ಈ ಹಾಲಿನ ಪರಿಚಯ ಹೇಳಬೇಕಾಗಿಲ್ಲ. ಬೊಂಬಾಯಿಯ ಜುಬಿನ್ ಮೆಹ್ತಾ ಅಲ್ಲಿ ಐದು ಹೊಸವರ್ಷಗಳಲ್ಲಿ ಕೋಲು ಹಿಡಿದು ನಿಂತಿದ್ದಾರೆ. ಒಂಬತ್ತನೆಯ ಸಿಂಫನಿ ಪೂರ್ತಿಯಾಗಿ ಧ್ವನಿಮುದ್ರಣವಾದದ್ದು ಅವತ್ತೇ ಮೊದಲು. ಅದೂ ಸ್ಟುಡಿಯೋದಲ್ಲಲ್ಲ, ಟಿಕೆಟ್ ಕೊಂಡು ಬಂದ ಜನರೆದುರಿಗೆ, ಕೋಟು ಟೋಪಿ ನೆಗಡಿಗಳ ಸಮೇತ.

ಇದಕ್ಕೆ ವಿದಾಯದ ಸಿಂಫನಿ ಅನ್ನುವ ಹೆಸರು ಅಂಟಿಕೊಂಡಿದೆ. ನ್ಯಾಯವಾಗಿ ಆ ಬಿರುದು ಹೈಡನ್‌ನ 45ನೆಯ ಸಿಂಫನಿಗೆ ಸೇರಬೇಕು. ಅದರ ಕೊನೆಯಲ್ಲಿ ಒಬ್ಬೊಬ್ಬರೇ ವಾದ್ಯಗಾರರು ಮೇಣದಬತ್ತಿ ಆರಿಸಿ ಎದ್ದು ಹೋಗುತ್ತಾರೆ. ಊರಿಗೆ ಹೋಗಲು ಬಿಡದ ಧಣಿಗೆ ಹೈಡನ್ ಬರೆದ ರಜಾ ಅರ್ಜಿ ಅದು. ಮಾಹ್ಲರನದು ರಜಾ ಅರ್ಜಿಯಲ್ಲ, ರಾಜೀನಾಮೆ ಎಂದು ಎಲ್ಲರೂ ಓದುತ್ತಾರೆ. ಕಾರಣ ಉಂಟು. 1907ರ ಒಂದೇ ವರ್ಷದಲ್ಲಿ ಅವನ ದೊಡ್ಡ ಮಗಳು ಕಾಯಿಲೆಯಲ್ಲಿ ತೀರಿಕೊಂಡಳು, ವೈದ್ಯರು ಅವನ ಎದೆಯ ಕವಾಟದಲ್ಲಿ ದೋಷವಿದೆ ಅಂದರು, ಹತ್ತು ವರ್ಷ ಆಳಿದ ವಿಯೆನ್ನಾದ ಒಪೆರಾ ಹುದ್ದೆಯನ್ನೂ ಅವನು ಬಿಟ್ಟ. 1909ರ ಬೇಸಿಗೆಯಲ್ಲಿ ಟೋಬ್ಲಾಖ್ ಎಂಬ ಬೆಟ್ಟದ ಊರಿನ ಮರದ ಗುಡಿಸಲಲ್ಲಿ ಕೂತು ಒಂಬತ್ತನೆಯದನ್ನು ಬರೆದ. 1911ರ ಮೇ 18ರಂದು ಸತ್ತ. ತಾನು ಬರೆದದ್ದನ್ನು ನುಡಿಸಿ ಕೇಳುವ ಯೋಗ ಅವನಿಗೆ ಬರಲಿಲ್ಲ. 1912ರ ಜೂನ್ 26ರಂದು ಅದನ್ನು ಮೊದಲು ನಡೆಸಿದವನು ಇದೇ ವಾಲ್ಟರ್, ನುಡಿಸಿದ್ದು ಇದೇ ಆರ್ಕೆಸ್ಟ್ರಾ. ಹ್ಯಾಂಬರ್ಗಿನಲ್ಲಿ ಹದಿನೆಂಟರ ಹುಡುಗನಾಗಿ ಮಾಹ್ಲರನ ಕೈಕೆಳಗೆ ಸೇರಿದವನು ವಾಲ್ಟರ್. ಶಿಷ್ಯ ಅನ್ನಿ, ಮಗನ ಹಾಗೆ ಅನ್ನಿ.

ಇಷ್ಟು ಕಥೆ ಗೊತ್ತಿದ್ದರೆ ಸಿಂಫನಿ ಶುರುವಾಗುವ ಮೊದಲೇ ಗಂಟಲು ಕಟ್ಟುತ್ತದೆ. ಅದೇ ನನಗೆ ಸ್ವಲ್ಪ ಅನುಮಾನದ ಸಂಗತಿ. ಸಂಗೀತ ನನ್ನನ್ನು ಅಳಿಸುತ್ತಿದೆಯೋ ಜೀವನಚರಿತ್ರೆಯೋ?

ನನಗೆ ಸ್ಟುಡಿಯೋದಲ್ಲಿ ತೊಳೆದು ಒಣಗಿಸಿದ ಸಂಗೀತಕ್ಕಿಂತ ಕಚೇರಿಯಲ್ಲಿ ಹಿಡಿದದ್ದು ಇಷ್ಟ. ಹಳೆಯ ಟೇಪುಗಳಲ್ಲಿ ರಾಮೋತ್ಸವದ ಕಚೇರಿ ಕೇಳುವಾಗ ‘ಭೇಷ್’ ಅನ್ನುವವರ ದನಿ, ಚಪ್ಪರದ ಹೊರಗೆ ಹೋದ ಲಾರಿ, ತನಿ ಆವರ್ತನ ಶುರುವಾದ ಕೂಡಲೇ ಕುರ್ಚಿ ಸರಿಸಿ ಕಾಫಿಗೆ ಎದ್ದವರ ಸದ್ದು, ಇವೆಲ್ಲ ಹಾಡಿನ ಭಾಗವೇ ಆಗಿಬಿಟ್ಟಿರುತ್ತವೆ. ವಿಯೆನ್ನಾದವರು ಭೇಷ್ ಅನ್ನುವುದಿಲ್ಲ, ಲಾರಿಗೆ ಗೋಡೆ ದಪ್ಪ. ಹಾಗಾಗಿ ಕೆಮ್ಮೇ ಗತಿ. ಬರೆದ ಸಂಗೀತದಲ್ಲಿ ಇಲ್ಲದ ಒಂದೇ ಒಂದು ವಸ್ತು ಅದು. ಆ ಭಾನುವಾರಕ್ಕೆ ಮಾತ್ರ ಸೇರಿದ್ದು.

ಆ ಭಾನುವಾರವನ್ನು ಹಿಡಿದಿಟ್ಟವನು ಫ್ರೆಡ್ ಗೈಸ್‌ಬರ್ಗ್. ಈ ಹೆಸರು ನಮಗೆ ಹೊಸದಲ್ಲ, ಆಗಬಾರದು. 1902ರಲ್ಲಿ ಹಡಗಿಳಿದು ಕಲ್ಕತ್ತೆಗೆ ಬಂದು, ಹೋಟೆಲ್ ಕೋಣೆಯಲ್ಲಿ ತುತ್ತೂರಿ ನಿಲ್ಲಿಸಿ, ಗೌಹರ್ ಜಾನ್ ಅವರ ದನಿಯನ್ನು ಮೇಣದ ಮೇಲೆ ಕೊರೆಸಿದವನು ಈತನೇ. ಹಾಡಿನ ಕೊನೆಯಲ್ಲಿ ಆಕೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಕೂಗಿ ಹೇಳುತ್ತಾರೆ. ಜರ್ಮನಿಯ ಕಾರ್ಖಾನೆಯಲ್ಲಿ ತಟ್ಟೆಗೆ ಚೀಟಿ ಅಂಟಿಸುವವರಿಗೆ ಯಾರ ಹಾಡು ಅಂತ ತಿಳಿಯಲಿ ಎಂದು. ಆ ಗೌಹರ್ ಜಾನ್ ಕಡೆಗಾಲಕ್ಕೆ ಬಂದು ಸೇರಿದ್ದು ಮೈಸೂರನ್ನು. 1928ರಲ್ಲಿ ನಾಲ್ವಡಿಯವರ ಆಸ್ಥಾನಕ್ಕೆ ನೇಮಕವಾದರು, 1930ರ ಜನವರಿಯಲ್ಲಿ ಇಲ್ಲೇ ಕಣ್ಣುಮುಚ್ಚಿದರು. ಮೂರು ನಿಮಿಷದ ಠುಮ್ರಿ ಹಿಡಿಯಲು ಹೊರಟ ಮನುಷ್ಯ ಮೂವತ್ತಾರು ವರ್ಷದ ಮೇಲೆ ಎಪ್ಪತ್ತು ನಿಮಿಷದ ಸಿಂಫನಿಗೆ ಬಲೆ ಬೀಸಿದ್ದ. ಬಲೆಯ ಕಣ್ಣು ಮಾತ್ರ ಹೆಚ್ಚೇನೂ ದೊಡ್ಡದಾಗಿರಲಿಲ್ಲ. ತಟ್ಟೆಯ ಒಂದು ಮಗ್ಗುಲಿಗೆ ಇನ್ನೂ ನಾಲ್ಕು ನಿಮಿಷದ ಆಸುಪಾಸೇ. ಸ್ಟುಡಿಯೋದಲ್ಲಾದರೆ ನಾಲ್ಕು ನಿಮಿಷಕ್ಕೊಮ್ಮೆ ನಿಲ್ಲಿಸಿ ಬೆವರೊರೆಸಿಕೊಂಡು ಮುಂದುವರಿಯಬಹುದು, ಕಚೇರಿಯಲ್ಲಿ ನಿಲ್ಲಿಸುವಂತಿಲ್ಲ. ಒಂದು ಮೇಣದ ತಟ್ಟೆ ತುಂಬುವ ಮೊದಲೇ ಇನ್ನೊಂದು ಯಂತ್ರದ ಮುಳ್ಳು ಇಳಿಸಬೇಕು, ತಪ್ಪಿದರೆ ತಪ್ಪಿದ್ದೇ. ಹೀಗೆ ಆದದ್ದು ಹತ್ತು ತಟ್ಟೆ, ಇಪ್ಪತ್ತು ಮಗ್ಗುಲು.

ಆ ಕಾಲದ ತಟ್ಟೆಗಳಿಗೆ ಮೈ ಕೊಡುತ್ತಿದ್ದದ್ದು ಅರಗು. ಲೋಕಕ್ಕೆ ಬೇಕಾದ ಅರಗಿನ ಬಹುಪಾಲು ಹೋಗುತ್ತಿದ್ದದ್ದು ಹಿಂದೂಸ್ಥಾನದ ಕಾಡುಗಳಿಂದ. ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಿಡಿಸುವ ಅದೇ ಅರಗು. ವಿಯೆನ್ನಾದ ಆ ಬೆಳಗ್ಗೆಯನ್ನು ಅರಗಿನ ಮೇಲೆ ಇಟ್ಟರು ಅಂದಾಗ ಕುಮಾರವ್ಯಾಸನ ನಾಡಿನವರಿಗೆ ಅರಗಿನ ಮನೆ ನೆನಪಾಗದೆ ಇದ್ದೀತೆ? ಅಲ್ಲಿ ಕೂತಿದ್ದವರಲ್ಲಿ ಸುರಂಗ ಎಲ್ಲಿದೆ ಅಂತ ಆಗಲೇ ಹುಡುಕತೊಡಗಿದವರೂ ಇದ್ದಿರಬೇಕು.

ಯಾಕೆಂದರೆ ಎಂಟು ವಾರ ಕಳೆಯುವಷ್ಟರಲ್ಲಿ, ಮಾರ್ಚ್ 12ರಂದು, ಹಿಟ್ಲರನ ಸೇನೆ ಆಸ್ಟ್ರಿಯಾದೊಳಕ್ಕೆ ಬಂತು. ವಾಲ್ಟರ್ ಯೆಹೂದಿ. ಆಗ ಕಚೇರಿಗೆಂದು ಆಮ್‌ಸ್ಟರ್‌ಡ್ಯಾಮಿನಲ್ಲಿದ್ದ, ಬದುಕಿಕೊಂಡ. ವಿಯೆನ್ನಾದಲ್ಲಿದ್ದ ಮಗಳು ಲೊಟ್ಟೆಯನ್ನು ಹಿಡಿದುಕೊಂಡು ಹೋದರು, ಆಮೇಲೆ ಬಿಟ್ಟರು. ಮಾಹ್ಲರ್ ಯೆಹೂದಿ, ಸತ್ತವನಾದರೂ ಅವನ ಸಂಗೀತಕ್ಕೆ ಬೀಗ ಬಿತ್ತು. ಪಿಟೀಲುಗಾರರ ಮೊದಲ ಕುರ್ಚಿಯಲ್ಲಿ ಕೂತಿದ್ದ ಆರ್ನಾಲ್ಡ್ ರೋಸೆ ಯೆಹೂದಿ. ಅವನ ಕಥೆಗೆ ಆಮೇಲೆ ಬರುತ್ತೇನೆ.

ಹೀಗೆ ಈ ಹತ್ತು ತಟ್ಟೆಗಳ ಮೇಲೆ ಎರಡು ವಿದಾಯಗಳು ಒಂದರ ಮೇಲೊಂದು ಕೂತಿವೆ. ಒಬ್ಬ ಮನುಷ್ಯ ಲೋಕಕ್ಕೆ ಹೇಳಿದ್ದು, ಒಂದು ಊರು ತನಗೆ ತಾನೇ ಹೇಳಿಕೊಂಡದ್ದು. ಇದರ ಬಗ್ಗೆ ಬರೆದವರೆಲ್ಲ ಇಲ್ಲಿ ಬಂದು ಲೇಖನಿ ಕೆಳಗಿಟ್ಟು ಕಣ್ಣೊರೆಸಿಕೊಳ್ಳುತ್ತಾರೆ. ನಾನೂ ಒರೆಸಿಕೊಳ್ಳುತ್ತಿದ್ದೆ. ನಮ್ಮ ಅತ್ತೆ ಬಂದು ಕೆಡಿಸಿದರು.

ಅತ್ತೆ ಅಂದರೆ ನಮ್ಮ ತಂದೆಯ ತಂಗಿ. ಮೈಸೂರಿನ ಅಗ್ರಹಾರದಲ್ಲಿ ವೀಣೆ ಕಲಿಸಿಕೊಂಡೇ ಬದುಕು ಕಳೆದವರು. ಮಾಹ್ಲರನ ಹೆಸರನ್ನೇ ಕೇಳಿದವರಲ್ಲ. ಒಂದು ಮಧ್ಯಾಹ್ನ ಕಥೆ, ಇಸವಿ, ಹಿಟ್ಲರ್ ಏನೊಂದೂ ಹೇಳದೆ ಅವರ ಮುಂದೆ ಈ ರೆಕಾರ್ಡಿಂಗನ್ನು ಹಾಕಿದೆ. ಮೊದಲಿಗೆ ಅವರ ಮುಖದಲ್ಲಿ ಸಹನೆ ಬಿಟ್ಟರೆ ಮತ್ತೇನೂ ಇರಲಿಲ್ಲ. ಚೆಲ್ಲೊ ಮತ್ತು ಹಾರ್ನ್ ಕುಂಟುವ ಲಯದಲ್ಲಿ ಒಂದೇ ಸ್ವರ ಹಿಡಿದು ತಡವರಿಸುತ್ತವೆ, ಹಾರ್ಪ್ ನಾಲ್ಕು ಸ್ವರ ಚೆಲ್ಲುತ್ತದೆ, ಆಮೇಲೆ ಪಿಟೀಲುಗಳು ಎರಡೇ ಎರಡು ಸ್ವರಗಳನ್ನು ಇಳಿಸಿ ಬಿಡುತ್ತವೆ. ಅತ್ತೆಯ ಬೆರಳು ತೊಡೆಯ ಮೇಲೆ ಅಲ್ಲಾಡಿತು.

“ಗ, ರಿ... ಆಮೇಲೆ?” ಅಂದರು.

“ಅಷ್ಟೇ ಅತ್ತೆ.”

“ಸ ಎಲ್ಲೋ?”

ಅವರ ಪ್ರಶ್ನೆ ಸಿಂಫನಿಯ ನಾಡಿಗೇ ಕೈಹಾಕಿತ್ತು. ಶಂಕರಾಭರಣದ ಸ್ವರಸ್ಥಾನಗಳಲ್ಲಿ ಗಾಂಧಾರದಿಂದ ರಿಷಭಕ್ಕೆ ಇಳಿದು, ಷಡ್ಜದ ಹೊಸ್ತಿಲಲ್ಲಿ ನಿಂತುಬಿಡುತ್ತದೆ ಆ ಪದಗುಚ್ಛ. ಬೀಥೋವನ್ ಒಂದು ಪಿಯಾನೊ ಸೊನಾಟಾದಲ್ಲಿ ವಿದಾಯದ ಮಾತನ್ನೇ ಬರೆದು ಅದರ ಕೆಳಗೆ ಗ ರಿ ಸ ಇಟ್ಟಿದ್ದ. ಮಾಹ್ಲರ್ ಅದರ ಬಾಲ ಕತ್ತರಿಸಿದ ಅಂತ ಪಂಡಿತರು ಹೇಳುತ್ತಾರೆ. ಅತ್ತೆಗೆ ಬೀಥೋವನ್ ಬೇಕಾಗಲಿಲ್ಲ. ಸ ಬರಲಿಲ್ಲವಲ್ಲ ಎಂಬ ಚಡಪಡಿಕೆಯಲ್ಲೇ ಇಪ್ಪತ್ತೈದು ನಿಮಿಷದ ಆಸುಪಾಸಿನ ಮೊದಲ ಭಾಗ ಪೂರ್ತಿ ಕೇಳಿದರು. ಕೊನೆಗೆ ತುತ್ತತುದಿಯಲ್ಲಿ, ತೆಳ್ಳಗೆ, ತಾರಸ್ಥಾಯಿಯಲ್ಲಿ ಆ ಷಡ್ಜ ಸಿಕ್ಕಿದಾಗ “ಅಂತೂ ಬಂದ” ಅಂದರು, ತಡವಾಗಿ ಮನೆಗೆ ಬಂದ ಹುಡುಗನಿಗೆ ಅನ್ನುವ ದನಿಯಲ್ಲಿ.

ನಡುವಿನ ಎರಡು ಭಾಗಗಳ ಬಗ್ಗೆ ಹೆಚ್ಚು ಹೇಳಲಾರೆ. ಎರಡನೆಯದು ಹಳ್ಳಿಯ ಕುಣಿತ, ಬೇಕಂತಲೇ ಒರಟು. ಮೂರನೆಯದು ಬುರ್ಲೆಸ್ಕೆ, ಸಿಟ್ಟಿನ ಹಾಸ್ಯ. ಅದರಲ್ಲಿ 1938ರ ವಾದ್ಯಗಾರರು ಅಲ್ಲಲ್ಲಿ ಕಾಲು ತಪ್ಪುತ್ತಾರೆ, ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಇವತ್ತಿನ ಕಾಲೇಜು ಆರ್ಕೆಸ್ಟ್ರಾ ಕೂಡ ಇದಕ್ಕಿಂತ ಚೊಕ್ಕವಾಗಿ ನುಡಿಸಬಲ್ಲದು. ಇಷ್ಟು ಬೆದರಿದ ಹಾಗೆ ನುಡಿಸಬಲ್ಲದೋ ಇಲ್ಲವೋ ಅದು ಬೇರೆ ಮಾತು.

ಕೊನೆಯ ಅಡಾಜಿಯೊ ಬಂದಾಗ ಅತ್ತೆ ನೆಟ್ಟಗೆ ಕೂತರು. ಸಿಂಫನಿ ಶುರುವಾದದ್ದು ಎರಡು ಮನೆ ಶ್ರುತಿಯಲ್ಲಿ. ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಎರಡು. ಮುಗಿಯುವುದು ಒಂದೂವರೆ ಮನೆಯಲ್ಲಿ, ಕಪ್ಪು ಒಂದು. ಇಡೀ ಆಧಾರ ಷಡ್ಜವೇ ಅರ್ಧ ಮೆಟ್ಟಿಲು ಕುಸಿದಿದೆ. ಪಾಶ್ಚಾತ್ಯ ಸಂಗೀತ ಕೇಳಿ ಬೆಳೆದವರಲ್ಲಿ ಬಹಳ ಮಂದಿಗೆ ಇದು ಪುಸ್ತಕ ಓದಿದ ಮೇಲೆ ತಿಳಿಯುವ ಸಂಗತಿ. ತಂಬೂರಿಯ ನೆರಳಲ್ಲಿ ಬೆಳೆದ ಕಿವಿಗೆ ನೆಲವೇ ಜಾರಿದ ಅನುಭವ.

“ಶ್ರುತಿ ಇಳಿದುಹೋಯ್ತಲ್ಲೋ!”

“ಬೇಕಂತಲೇ ಇಳಿಸಿದ್ದಾನೆ ಅತ್ತೆ.”

“ಬೇಕಂತ ಯಾರಾದ್ರೂ ಶ್ರುತಿ ಇಳಿಸ್ತಾರೇನೋ? ಬಿರಡೆ ತಿರುಗಿಸಿ ಸರಿ ಮಾಡ್ತಾರೆ.” ಸ್ವಲ್ಪ ಹೊತ್ತು ಕೇಳಿ, “ಆದರೆ ಜಾರು ಚೆನ್ನಾಗಿ ಹಾಕ್ತಾರೆ” ಎಂದು ಸರ್ಟಿಫಿಕೇಟು ಕೊಟ್ಟರು.

ಹೌದು, ಜಾರು. ಆ ಕಾಲದ ವಿಯೆನ್ನಾದ ಪಿಟೀಲುಗಾರರು ಒಂದು ಸ್ವರದಿಂದ ಇನ್ನೊಂದಕ್ಕೆ ನೆಗೆಯುತ್ತಿರಲಿಲ್ಲ, ಜಾರುತ್ತಿದ್ದರು. ಆಮೇಲಿನ ತಲೆಮಾರು ಅದನ್ನು ಹಳೆಯ ಕಾಲದ ಗೀಳು ಅಂತ ಬಿಟ್ಟಿತು. ಈಗಿನ ರೆಕಾರ್ಡಿಂಗುಗಳಲ್ಲಿ ಸ್ವರಗಳು ಇಸ್ತ್ರಿ ಹಾಕಿ ಜೋಡಿಸಿಟ್ಟಂತಿರುತ್ತವೆ. ನನಗೆ ಮಾಹ್ಲರನ ಅಡಾಜಿಯೊ ಜಾರಿಲ್ಲದೆ ಪೂರ್ತಿಯಲ್ಲ. ಅದು ರುಚಿಯ ವಿಷಯ, ಜಗಳಕ್ಕೆ ಬರುವುದಿಲ್ಲ.

ನನ್ನನ್ನು ಕೆಡಿಸಿದ ಮಾತು ಇದಲ್ಲ. ಕೊನೆಯ ಭಾಗ ಅರ್ಧ ದಾಟಿದ ಮೇಲೆ ಅತ್ತೆ ಕೇಳಿದ್ದು: “ಯಾಕೋ ಇವರು ಓಡ್ತಿದ್ದಾರೆ? ಇಷ್ಟು ಚೆನ್ನಾಗಿರೋ ಸಂಗತಿ. ಇನ್ನೊಂದು ಸಲ ಹೇಳಬಾರದೇ? ರೈಲಿಗೆ ಹೊತ್ತಾಯ್ತೇನು?”

ಗಡಿಯಾರ ನೋಡಿದರೆ ಅತ್ತೆ ಹೇಳಿದ್ದೇ ಸರಿ. ವಾಲ್ಟರ್ ಆ ಅಡಾಜಿಯೊವನ್ನು ಹದಿನೆಂಟು ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತಾನೆ. ಆಮೇಲೆ ಬಂದವರಿಗೆ ಅದು ಸಾಕಾಗಲಿಲ್ಲ. ಲಿಯನಾರ್ಡ್ ಬರ್ನ್‌ಸ್ಟೈನ್ 1979ರಲ್ಲಿ ಬರ್ಲಿನ್ ಫಿಲ್ಹಾರ್ಮೋನಿಕ್ ಜೊತೆ ನಡೆಸಿದ್ದಕ್ಕೆ ಇಪ್ಪತ್ತಾರು ನಿಮಿಷ. ಅವನು ಆ ಆರ್ಕೆಸ್ಟ್ರಾವನ್ನು ನಡೆಸಿದ್ದು ಅದೊಂದು ಸಲ ಮಾತ್ರ. ಅದೂ ಕಚೇರಿಯ ರೆಕಾರ್ಡಿಂಗೇ. ಶಿಖರದಂಥ ಜಾಗದಲ್ಲಿ ಟ್ರೊಂಬೋನಿನವರು ನುಡಿಸದೆ ಬಿಟ್ಟು, ಹಲ್ಲು ಬಿದ್ದ ಬಾಯಿಯಂತೆ ಅಲ್ಲೊಂದು ತೂತು ಉಳಿದಿದೆ. 1985ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅದೇ ಬರ್ನ್‌ಸ್ಟೈನ್ ಅದನ್ನು ಅರ್ಧ ಗಂಟೆಯ ಹತ್ತಿರಕ್ಕೆ ಎಳೆದ. 1982ರ ಕರಾಯನ್‌ನ ಕಚೇರಿಯೂ ಇಪ್ಪತ್ತಾರು ದಾಟುತ್ತದೆ. ನುಡಿಸಿ ಮುಗಿದ ಮೇಲಿನ ಮೌನವೂ ಬೆಳೆದಿದೆ. 2010ರಲ್ಲಿ ಲೂಸರ್ನಿನಲ್ಲಿ ಅಬ್ಬಾಡೊ ಕೈ ಇಳಿಸುವವರೆಗೆ ಜನ ಎರಡು ನಿಮಿಷದಷ್ಟು ಉಸಿರು ಬಿಗಿ ಹಿಡಿದು ಕೂತಿದ್ದರು. ಆ ಮೌನವನ್ನು ಮೆಚ್ಚಿ ಬರೆದದ್ದನ್ನು ಓದಿದರೆ, ಸಿಂಫನಿ ಅದಕ್ಕೊಂದು ಪೀಠಿಕೆ ಮಾತ್ರವೇನೋ ಅನಿಸುತ್ತದೆ.

ತಟ್ಟೆಯ ಅಳತೆಗೆ ಹೊಂದಿಸಲು ವಾಲ್ಟರ್ ಅವಸರ ಮಾಡಿದ ಎಂದು ತಳ್ಳಿಹಾಕಲಿಕ್ಕೆ ಬರುವುದಿಲ್ಲ. ಅವನು ಕಚೇರಿ ನಡೆಸುತ್ತಿದ್ದ. ಯಂತ್ರಗಳು ಅವನ ಹಿಂದೆ ಓಡಬೇಕಿತ್ತೇ ಹೊರತು ಅವನು ಯಂತ್ರದ ಹಿಂದಲ್ಲ. ಮಾಹ್ಲರನ ಬಾಯಿಂದ ಬಂದದ್ದನ್ನು ಕೇಳಿ ಬೆಳೆದವನಿಗೆ ಅಷ್ಟೇ ನಡೆ ಸಹಜ ಅನಿಸಿರಬೇಕು.

ಕೊನೆಯ ಪುಟದ ಮಾತು ಸ್ವಲ್ಪ ಹೇಳಬೇಕು. ಇಪ್ಪತ್ತೇಳು ಆವರ್ತಗಳ ಪುಟ್ಟ ಭಾಗ. ಉಳಿದ ವಾದ್ಯಗಳೆಲ್ಲ ಮೌನವಾಗಿ, ತಂತಿಗಳು ಮಾತ್ರ, ಅವೂ ಸ್ವರ ಬಿಟ್ಟು ಸ್ವರ ಕಡಿಮೆ ಮಾಡಿಕೊಳ್ಳುತ್ತ ಬರುತ್ತವೆ. ನಡುವೆ ಮೊದಲ ಪಿಟೀಲುಗಳು ಮಾಹ್ಲರನದೇ ಒಂದು ಹಳೆಯ ಹಾಡಿನ ಎಳೆ ತೆಗೆಯುತ್ತವೆ: ಸತ್ತ ಮಕ್ಕಳು ಸುಮ್ಮನೆ ತಿರುಗಾಡಲು ಹೋಗಿದ್ದಾರೆ, ಬರುತ್ತಾರೆ ಎಂದು ತಂದೆ ತನಗೆ ತಾನೇ ಹೇಳಿಕೊಳ್ಳುವ ಹಾಡು. ಆ ಹಾಡು ಸೇರಿದ ಗುಚ್ಛ ಬರೆದು ಮುಗಿಸಿದಾಗ ಅವನ ಮಗಳು ಬದುಕಿದ್ದಳು; ಸಿಂಫನಿ ಬರೆಯುವ ಹೊತ್ತಿಗೆ ಇರಲಿಲ್ಲ. ನಮ್ಮ ಕಡೆ ಮನೆಗೆ ಬಂದವರು ಎದ್ದು ನಿಂತ ಮೇಲೆ ನಿಜವಾದ ಮಾತು ಶುರುವಾಗುತ್ತದಲ್ಲ, ಹಾಗೆ ಈ ಪುಟ. ನಡುಮನೆಯಲ್ಲಿ ಕುಂಕುಮ ಕೊಟ್ಟಾಯಿತು, ಜಗುಲಿಯಲ್ಲಿ ಚಪ್ಪಲಿ ಮೆಟ್ಟಾಯಿತು, ಗೇಟಿನ ಚಿಲಕದ ಮೇಲೆ ಕೈ ಇಟ್ಟಾಯಿತು. ಆಗ ನೆನಪಾಗುತ್ತದೆ ಇಡೀ ಸಂಜೆ ಹೇಳದೆ ಉಳಿಸಿಕೊಂಡದ್ದು. ಬರ್ನ್‌ಸ್ಟೈನ್ ಆ ಗೇಟಿನ ಬಳಿ ದೀಪ ಹಚ್ಚುವವರೆಗೂ ನಿಲ್ಲುತ್ತಾನೆ. ವಾಲ್ಟರ್ ಹೇಳುವುದನ್ನು ಹೇಳಿ ಚಿಲಕ ತೆಗೆಯುತ್ತಾನೆ.

ಅಲ್ಲಿಂದ ನನಗೆ ಹೊಳೆದದ್ದು ಇಷ್ಟು. ಗೇಟಿನ ಬಳಿ ನಿಲ್ಲುವ ಬಿಡುವು ಇರುವುದು ಉಳಿದವರಿಗೆ. ಬರ್ನ್‌ಸ್ಟೈನ್, ಕರಾಯನ್, ಅಬ್ಬಾಡೊ, ಅವರ ಮುಂದೆ ಕೂತ ಜನ, ಮೊಬೈಲ್ ಹಿಡಿದ ನಾನು, ನಮಗೆಲ್ಲ ಇಪ್ಪತ್ತನೆಯ ಶತಮಾನದಲ್ಲಿ ಏನಾಯಿತು ಅಂತ ಗೊತ್ತು. ಗೊತ್ತಿರುವುದರಿಂದ ಎಳೆಯುತ್ತೇವೆ. ಆ ಭಾನುವಾರ ಕೋಲು ಹಿಡಿದವನಿಗಾಗಲಿ ಕಮಾನು ಹಿಡಿದವರಿಗಾಗಲಿ ಮಾರ್ಚ್ ತಿಂಗಳು ಗೊತ್ತಿರಲಿಲ್ಲ. ಭಯವಿತ್ತು, ಖಂಡಿತ, ಬರ್ಲಿನ್ನಿನಿಂದ ಐದು ವರ್ಷದ ಹಿಂದೆಯೇ ಓಡಿಸಿಕೊಂಡವನು ವಾಲ್ಟರ್. ಆದರೆ ಅವತ್ತು ಅವರ ಮುಂದಿದ್ದದ್ದು ಒಂದು ಕಷ್ಟದ ಸಿಂಫನಿ, ಸಾಲದ್ದಕ್ಕೆ ಕಂಪನಿಯ ಮೈಕುಗಳು. ವಿದಾಯ ಹೇಳುತ್ತಿದ್ದೇವೆ ಅಂತ ಅವರು ಅಂದುಕೊಂಡಿರಲಿಲ್ಲ, ಕೆಲಸ ಮಾಡುತ್ತಿದ್ದರು. ಅದನ್ನು ವಿದಾಯ ಮಾಡಿದವರು ನಾವು. ಆ ತಟ್ಟೆ ಮೊದಲು ಕೊಂಡವರಿಗೂ ಸೋಫಾದಲ್ಲಿ ಮಲಗಿ ಕಣ್ಣೀರಿಡುವ ಸೌಕರ್ಯವಿರಲಿಲ್ಲ. ನಾಲ್ಕು ನಿಮಿಷಕ್ಕೊಮ್ಮೆ ಎದ್ದು ತಟ್ಟೆ ತಿರುವಿ ಹಾಕಬೇಕಿತ್ತು.

ಈಗ ರೋಸೆ. 1881ರಲ್ಲಿ, ಹದಿಹರೆಯ ಮುಗಿಯುವ ಮೊದಲೇ, ವಿಯೆನ್ನಾ ಒಪೆರಾದಲ್ಲಿ ಮೊದಲ ಪಿಟೀಲಿನ ಕುರ್ಚಿ ಹಿಡಿದವನು. ಮಾಹ್ಲರನ ತಂಗಿ ಯುಸ್ಟೀನೆಯನ್ನು ಮದುವೆಯಾದವನು, ಅಂದರೆ ಭಾವಮೈದುನ. 1938ರಲ್ಲಿ ಎಪ್ಪತ್ತನಾಲ್ಕು ವಯಸ್ಸು. ಈ ರೆಕಾರ್ಡಿಂಗಿನಲ್ಲಿ ಗುಂಪಿನಿಂದ ಎದ್ದು ಒಂಟಿಯಾಗಿ ಕೇಳುವ ಪಿಟೀಲು ಅವನದು. ತೆಳ್ಳಗೆ, ನೆಟ್ಟಗೆ, ಕಂಪನ ಹೆಚ್ಚಿಲ್ಲದ ಹಳೆಯ ಕಾಲದ ನಾದ. ಐವತ್ತಾರು ವರ್ಷ ದಾಟಿದ ಚಾಕರಿ ಮಾರ್ಚ್ ತಿಂಗಳಲ್ಲಿ ಒಂದು ಏಟಿಗೆ ಮುಗಿಯಿತು. ಆಗಸ್ಟಿನಲ್ಲಿ ಹೆಂಡತಿ ತೀರಿಕೊಂಡಳು. ಮುಂದಿನ ವರ್ಷ ಲಂಡನ್ನಿಗೆ ಓಡಿಹೋದ. ಅಲ್ಲಿಯೂ, ತನ್ನ ಹಾಗೆಯೇ ಓಡಿಬಂದಿದ್ದ ಚೆಲ್ಲೊಗಾರ ಬುಕ್ಸ್‌ಬೌಮ್ ಜೊತೆ ಸೇರಿ ನಾಲ್ವರ ಮೇಳ ಕಟ್ಟಿ ನುಡಿಸಿದ. ಅವನ ಮಗಳು ಆಲ್ಮಾ ಒಳ್ಳೆಯ ಪಿಟೀಲುಗಾರ್ತಿ. ಕಚೇರಿಗೆಂದು ಹಾಲೆಂಡಿಗೆ ಹೋಗಿ, ಜರ್ಮನರು ಬಂದಾಗ ಅಲ್ಲೇ ಸಿಕ್ಕಿಕೊಂಡು, ತಪ್ಪಿಸಿಕೊಳ್ಳಲು ಹೋಗಿ ಫ್ರಾನ್ಸಿನಲ್ಲಿ ಸೆರೆಯಾದಳು. ಆಷ್‌ವಿಟ್ಸ್ ಶಿಬಿರದಲ್ಲಿ ಹೆಂಗಸರ ಆರ್ಕೆಸ್ಟ್ರಾವನ್ನು ಆಕೆ ಕಟ್ಟುನಿಟ್ಟಾಗಿ ನಡೆಸಿದಳು. ಚೆನ್ನಾಗಿ ನುಡಿಸಿದರೆ ಆ ಹೆಂಗಸರ ಜೀವ ಉಳಿಯುತ್ತಿತ್ತು. ಹಲವರದು ಉಳಿಯಿತು. ಆಕೆ 1944ರ ಏಪ್ರಿಲ್‌ನಲ್ಲಿ ಅಲ್ಲೇ ಕಾಯಿಲೆ ಬಿದ್ದು ಸತ್ತಳು. ರೋಸೆ 1946ರವರೆಗೆ ಬದುಕಿದ್ದ, ಅಂದರೆ ಸುದ್ದಿ ಕೇಳುವಷ್ಟು ಕಾಲ. ವಿಯೆನ್ನಾ ಫಿಲ್ಹಾರ್ಮೋನಿಕ್ಕಿನ ಏಳು ಮಂದಿ ನಾಜಿಗಳ ಕಾಲದಲ್ಲಿ ಹಿಂಸೆಗೆ, ಶಿಬಿರಗಳಿಗೆ ಬಲಿಯಾದರು. ಅದೇ ಆರ್ಕೆಸ್ಟ್ರಾ 1939ರ ಡಿಸೆಂಬರ್ 31ರಂದು, ಅದೇ ಚಿನ್ನದ ಹಾಲಿನಲ್ಲಿ, ಸ್ಟ್ರೌಸ್ ಕುಟುಂಬದ ಸಂಗೀತದ ಒಂದು ಕಚೇರಿ ಮಾಡಿತು. ನಾವು ಟಿವಿಯಲ್ಲಿ ನೋಡುವ ಹೊಸವರ್ಷದ ಸಂಭ್ರಮದ ಬೇರು ಅಲ್ಲಿದೆ.

ಕೆಮ್ಮಿದವರು? ಅವರಲ್ಲಿ ಕೆಲವರು ಎರಡು ತಿಂಗಳ ಮೇಲೆ ಬೀದಿಗಿಳಿದು ಹಿಟ್ಲರನಿಗೆ ಜೈಕಾರ ಹಾಕಿರಬಹುದು. ಕೆಲವರು ಅದೇ ಬೀದಿಯಲ್ಲಿ ಮಂಡಿಯೂರಿ ಬ್ರಷ್ಷಿನಿಂದ ಕಲ್ಲು ತಿಕ್ಕಿರಬಹುದು. ಯೆಹೂದಿಗಳಿಂದ ಹಾಗೆ ತಿಕ್ಕಿಸಿದರು. ಕೆಮ್ಮಿನಲ್ಲಿ ಭೇದ ತಿಳಿಯುವುದಿಲ್ಲ. ಎಷ್ಟು ಸಲ ಕಿವಿಗೊಟ್ಟರೂ ಎರಡೂ ಒಂದೇ ನೆಗಡಿ.

ಇಲ್ಲಿ ಮೈಸೂರಿನ ಇನ್ನೊಂದು ಎಳೆ ಸಿಕ್ಕುತ್ತದೆ, ಬಿಡಲು ಮನಸ್ಸಿಲ್ಲ. 1933ರ ಮಾರ್ಚ್‌ನಲ್ಲಿ ನಾಜಿಗಳ ಬೆದರಿಕೆಯಿಂದ ವಾಲ್ಟರ್ ಬರ್ಲಿನ್ನಿನ ಒಂದು ಕಚೇರಿ ಬಿಟ್ಟುಕೊಡಬೇಕಾಯಿತು. ಅವನ ಜಾಗದಲ್ಲಿ ಬಂದು ನಿಂತವನು ರಿಚರ್ಡ್ ಸ್ಟ್ರೌಸ್. ಆ ಸ್ಟ್ರೌಸ್‌ಗೂ ಮುಪ್ಪು ಬಂತು, ಅವನೂ ಒಂದು ವಿದಾಯ ಬರೆದ, ‘ಕೊನೆಯ ನಾಲ್ಕು ಹಾಡುಗಳು’. ಅದರ ಮೊದಲ ಪ್ರದರ್ಶನ ಲಂಡನ್ನಿನಲ್ಲಿ 1950ರ ಮೇ 22ರಂದು ನಡೆಯಿತು. ಹಾಡಿದಾಕೆ ಕಿರ್ಸ್ಟನ್ ಫ್ಲಾಗ್‌ಸ್ಟಾಟ್, ನಡೆಸಿದವನು ಫುರ್ಟ್‌ವೆಂಗ್ಲರ್, ಖರ್ಚಿಗೆ ಹೊಣೆ ನಿಂತವರು ಜಯಚಾಮರಾಜ ಒಡೆಯರ್. ಫಿಲ್ಹಾರ್ಮೋನಿಯಾ ಕಚೇರಿ ಸಂಘದ ಮೊದಲ ಅಧ್ಯಕ್ಷರೂ ಅವರೇ. ದೇವಿಯ ಮೇಲೆ ಕೃತಿ ರಚಿಸುತ್ತಿದ್ದ ಮಹಾರಾಜರು ಇನ್ನೊಂದು ಕಡೆ ಯೂರೋಪಿನ ಬೀಳ್ಕೊಡುಗೆಗಳಿಗೂ ಕಾಣಿಕೆ ಹಾಕುತ್ತಿದ್ದರು. ಆ ಮೊದಲ ಪ್ರದರ್ಶನದ ಗರಗರ ಅನ್ನುವ ರೆಕಾರ್ಡಿಂಗೂ ಉಳಿದಿದೆ. ಅತ್ತೆಗೆ ಅದನ್ನು ಇನ್ನೂ ಕೇಳಿಸಿಲ್ಲ.

ವಾಲ್ಟರ್ ಅಮೆರಿಕದಲ್ಲಿ ನೆಲೆ ನಿಂತು, 1961ರಲ್ಲಿ, ಎಂಬತ್ತನಾಲ್ಕರ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಒಂಬತ್ತನೆಯದನ್ನು ಮತ್ತೊಮ್ಮೆ ರೆಕಾರ್ಡ್ ಮಾಡಿದ. ಸ್ಟೀರಿಯೋ, ಜನವಿಲ್ಲ, ಕೆಮ್ಮಿಲ್ಲ. ಹಳೆಯದಕ್ಕಿಂತ ಸುಮಾರು ಹತ್ತು ನಿಮಿಷ ಹೆಚ್ಚು. ಮುಂದಿನ ಫೆಬ್ರವರಿಯಲ್ಲಿ ತೀರಿಕೊಂಡ. ಅದು ಸುಂದರವಾದ ರೆಕಾರ್ಡಿಂಗ್, ಬೆಚ್ಚಗಿದೆ, ನೆನಪು ಮಾಡಿಕೊಳ್ಳುವ ಮುದುಕನ ಮಾತಿನ ಹಾಗೆ. ಅಷ್ಟು ಹೊತ್ತಿಗೆ ಅವನೂ ಉಳಿದವರ ಸಾಲಿಗೆ ಸೇರಿದ್ದ. ಎರಡರಲ್ಲಿ ಒಂದನ್ನೇ ಇಟ್ಟುಕೋ ಅಂದರೆ ನಾನು ಅವಸರದ್ದನ್ನೇ ಇಟ್ಟುಕೊಳ್ಳುತ್ತೇನೆ.

ಮಾಹ್ಲರನಿಗೂ ಆಕ್ಷೇಪವಿರಲಾರದು. ಒಂಬತ್ತರ ಸಂಖ್ಯೆ ಎಂದರೆ ಅವನಿಗೆ ಹೆದರಿಕೆ, ಬೀಥೋವನ್ ಮತ್ತು ಬ್ರುಕ್ನರ್ ಅದರಾಚೆ ದಾಟಲಿಲ್ಲ ಎಂದು, ಹೆಂಡತಿ ಬರೆದಿಟ್ಟಿದ್ದಾಳೆ. ಆದರೆ 1909ರ ಆಗಸ್ಟಿನಲ್ಲಿ ಅವನೇ ವಾಲ್ಟರನಿಗೆ ಬರೆದ ಕಾಗದದಲ್ಲಿ ಸಾವಿನ ಸುಳಿವಿಲ್ಲ. ಹೊಸ ಸಿಂಫನಿ ತನ್ನ ಪುಟ್ಟ ಸಂಸಾರಕ್ಕೆ ಒಳ್ಳೆಯ ಸೇರ್ಪಡೆ ಎಂದಿದ್ದಾನೆ. ಕಣ್ಣುಮುಚ್ಚಿ ಓಡಿದ ಹಾಗೆ ಗೀಚಿದ್ದು, ಬೇರೆಯವರಿಗೆ ಓದಲಾಗದಷ್ಟು ಕೆಟ್ಟ ಅಕ್ಷರ, ಚಳಿಗಾಲದಲ್ಲಿ ಶುದ್ಧಪ್ರತಿ ಮಾಡುವಷ್ಟು ಬಿಡುವು ಸಿಕ್ಕೀತೇ ಎಂಬುದು ಅವನ ಚಿಂತೆ. ನ್ಯೂಯಾರ್ಕಿನಲ್ಲಿ ಹೊಸ ಆರ್ಕೆಸ್ಟ್ರಾದ ಹತ್ತಾರು ಕಚೇರಿಗಳು ಕಾದಿದ್ದವು. ಶುದ್ಧಪ್ರತಿ ಮುಂದಿನ ವಸಂತಕ್ಕೆ ಮುಗಿಯಿತು. ಬೇಸಿಗೆ ಬಂದ ಕೂಡಲೇ ಅದೇ ಗುಡಿಸಲಿಗೆ ಹೋಗಿ ಹತ್ತನೆಯದಕ್ಕೆ ಕೂತ.